ವಿಶ್ವವೇ ತಕ್ಕಡಿ

ಚನ್ನಗಿರಿ ತಾಲ್ಲೂಕು ಅಡಿಕೆಗೆ ಹೆಸರಾದುದು. ಅಲ್ಲಿನ ಉಬ್ರಾಣಿಯಲ್ಲಿ ಮೂಟೆ ತೂಗುವ ತಕ್ಕಡಿಗೆ ಒಂದೇ ಅಡಿಕೆಯನ್ನು ಹಾಕಿದರೆ ಮುಳ್ಳು ಅಲುಗದು. ಆದರೆ ಮೂಟೆಯಲ್ಲಿರುವ ಅಡಿಕೆಗಳ ಎಣಿಕೆ ತಿಳಿದಿದ್ದು, ಮೂಟೆಯ ತೂಕ ಇಂತಿಷ್ಟನ್ನು ಮೀರದೆಂದು ಗೊತ್ತಾದರೆ ಸಾಕು. ಸರಾಸರಿ ಅಡಿಕೆಯ ತೂಕ ಎಷ್ಟನ್ನು ಮೀರದೆಂಬುದನ್ನು ಭಾಗಾಕಾರದಿಂದಲೇ ಹೇಳಬಹುದು. ಪ್ರಕೃತಿಯ ಅತ್ಯಂತ ಹಗುರವಾದ ಕಣಗಳಲ್ಲೊಂದನ್ನು ವಿಜ್ಞಾನಿಗಳು ತೂಗಹೊರಟದ್ದು ಇದೇ ಬಗೆಯಲ್ಲಿ.

ಆ ಕಣವೇ ನ್ಯೂಟ್ರಿನೊ. ಅಂತಹ ಕಣವೊಂದಿರಬೇಕೆಂದು 1930ರಲ್ಲಿ ಪೌಲಿಯವರು ಊಹಿಸಿದರು. 1956ರಲ್ಲಿ ಅದು ಪ್ರಯೋಗದಲ್ಲಿ ಕಂಡುಬಂದಿತು. ವಿದ್ಯುದಂಶವಿಲ್ಲದ ಈ ಕಣವು ಭೂಮಿಯನ್ನೇ ತೂರಿ ಹೋಗಬಲ್ಲದು. ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು 1965ರಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ ದೊರೆಯಿತು. ಉಳಿದ ಕಣಗಳಲ್ಲಿ ಬಹುಪಾಲನ್ನು ಮೇಲಿನ ಬಂಡೆ ತಡೆದಿತ್ತು. ಹಿಡಿತಕ್ಕೇ ಸಿಗದ ಇಂತಹ ಕಣವನ್ನು ತೂಗುವುದೆಂತು?

1966ರಲ್ಲಿ ರಷ್ಯದ ಗೆರ್ಷ್‌ಟೈನ್ ಮತ್ತು ಜೆಲ್ಡೊವಿಚ್, 1972ರಲ್ಲಿ ರಾಮನಾಥ್ ಕೌಶಿಕ್ ಮತ್ತು ಮೆಕ್ಲೆಲೆಂಡ್ ಇದಕ್ಕೆ ವಿಶ್ವವನ್ನೇ ತಕ್ಕಡಿಯಾಗಿ ಬಳಸಿದರು. ಕೌಶಿಕರು ಮುಂದೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ನಿರ್ದೇಶಕರಾದರು. ವಿಶ್ವವು ಅತಿ ಉಷ್ಣವಾಗಿದ್ದ ಆದಿಕಾಲದಲ್ಲಿ ಅಪಾರ ಸಂಖ್ಯೆಯ ನ್ಯೂಟ್ರಿನೊಗಳು ಹುಟ್ಟಿದವು. ಅವು ಇಂದಿಗೂ ಪ್ರತಿ ಘನ ಸೆಂಟಿಮೀಟರಿಗೆ ಸರಾಸರಿ ಸುಮಾರು 336ರಂತೆ ಹರಡಿರಬೇಕೆಂದು ಲೆಕ್ಕ ಹೇಳುತ್ತದೆ. ಒಂದೊಂದೂ ಭಾರವಾಗಿದ್ದರೆ ಅವೆಲ್ಲವುಗಳ ಗುರುತ್ವಾಕರ್ಷಣೆಯು ವಿಶ್ವದ ವಿಸ್ತರಣೆಯನ್ನು ಬಹುವಾಗಿ ಕುಂಠಿತಗೊಳಿಸುತ್ತಿತ್ತು. ಗೆಲಾಕ್ಸಿಗಳು ದೂರ ಸರಿಯುವ ವೇಗವನ್ನು ನೋಡಿದರೆ ಹಾಗಾಗಿಲ್ಲ. ಆದ್ದರಿಂದ ನ್ಯೂಟ್ರಿನೊವಿನ ದ್ರವ್ಯರಾಶಿಯು 8 ಎಲೆಕ್ಟ್ರಾನ್ ವೋಲ್ಟನ್ನು ಮೀರದೆಂದು ಕೌಶಿಕ್ ಮತ್ತು ಮೆಕ್ಲೆಲೆಂಡ್ ತೋರಿಸಿದರು. ಇದೇ ಅಳತೆಯಲ್ಲಿ ಎಲೆಕ್ಟ್ರಾನಿನ ದ್ರವ್ಯರಾಶಿ ಸುಮಾರು 5,11,000!

ಹಾಗಾದರೆ ನ್ಯೂಟ್ರಿನೊವಿಗೆ ತೂಕವೇ ಇಲ್ಲವೆನ್ನಬಹುದೆ? ಇಲ್ಲ. ಮೂರು ಬಗೆಯ ನ್ಯೂಟ್ರಿನೊಗಳು ಒಂದರಿಂದ ಮತ್ತೊಂದಕ್ಕೆ ಮಾರ್ಪಡುವುದನ್ನು 1998ರಲ್ಲಿ ಜಪಾನಿನ ಪ್ರಯೋಗವೊಂದು ತೋರಿಸಿತು. ತೂಕವಿಲ್ಲದೆ ಈ ಮಾರ್ಪಾಡು ಸಾಧ್ಯವಿಲ್ಲ. ಇಂತಹ ಪ್ರಯೋಗಗಳಂತೆ ಮೂರರ ಒಟ್ಟು ದ್ರವ್ಯರಾಶಿ ಸುಮಾರು 0.06 ಎಲೆಕ್ಟ್ರಾನ್ ವೋಲ್ಟಿಗಿಂತ ಕಡಿಮೆಯಿರಲಾರದು.

ಮೇಲಿನ ಮಿತಿಯೂ ಕ್ರಮೇಣ ಕೆಳಗಿಳಿದಿದೆ. ವೇಗವಾಗಿ ಓಡುವ ನ್ಯೂಟ್ರಿನೊಗಳು ಸುಲಭವಾಗಿ ಒಂದೆಡೆ ಗುಂಪುಗೂಡವು. ಅವು ಭಾರವಾದಷ್ಟೂ ದ್ರವ್ಯವು ಗೆಲಾಕ್ಸಿಗಳಾಗಿ ಕೂಡಿಕೊಳ್ಳುವುದು ಕುಂದುತ್ತದೆ. ಪ್ಲಾಂಕ್ ಉಪಗ್ರಹವು ಅಳೆದ ಆದಿಕಾಲದ ಬೆಳಕನ್ನೂ ಗೆಲಾಕ್ಸಿಗಳ ಹಂಚಿಕೆಯನ್ನೂ ಹೋಲಿಸಿ, ಒಟ್ಟು ದ್ರವ್ಯರಾಶಿಯು 0.12ನ್ನು ಮೀರದೆಂದು 2018ರಲ್ಲಿ ಪ್ರಕಟಿಸಲಾಯಿತು.

ಆದರೆ ಇದು ವಿಶ್ವದ ಬೆಳವಣಿಗೆಯ ಬಗೆಗಿನ ನಮ್ಮ ಸಿದ್ಧಾಂತ ಸರಿಯೆಂದು ಇಟ್ಟುಕೊಂಡು ಮಾಡಿದ ಲೆಕ್ಕ. ಆದುದರಿಂದಲೇ ಪ್ರಯೋಗಶಾಲೆಗಳಲ್ಲಿಯೂ ನ್ಯೂಟ್ರಿನೊವನ್ನು ತೂಗುವ ಯತ್ನ ನಡೆದಿದೆ. ಎರಡು ತಕ್ಕಡಿಗಳೂ ಒಂದೇ ತೂಕವನ್ನು ತೋರಿಸಿದರೆ ಆ ಸಿದ್ಧಾಂತವು ಗಟ್ಟಿಯಾಗುವುದು. ತೋರಿಸದಿದ್ದರೆ ಅದನ್ನು ತಿದ್ದಬೇಕಾಗುವುದು.