ಗುಂಡಿನ ಬಣ್ಣ ಮದ್ದಿಗೆ ಕಾಣುವುದಿಲ್ಲ

ಅಮೆರಿಕದಲ್ಲಿ ಪಿಸ್ತೂಲು ಸ್ಪರ್ಧೆಗಳಿಗೆ ಅಭ್ಯಾಸ ಮಾಡುವವರಲ್ಲಿ ಬಹಳ ಮಂದಿ ತಮ್ಮ ತೋಟಾಗಳನ್ನು ತಾವೇ ತುಂಬಿಕೊಳ್ಳುತ್ತಾರೆ. ಹಾರಿಸಿ ಖಾಲಿಯಾದ ಹಿತ್ತಾಳೆ ಕೇಸನ್ನು ಆರಿಸಿ ತಂದು, ಅಚ್ಚಿಗೆ ಒತ್ತಿ ಮೊದಲಿನ ಅಳತೆಗೆ ತಂದು, ಮದ್ದಿಗೆ ಕಿಡಿ ಹೊತ್ತಿಸುವ ಹೊಸ ಪ್ರೈಮರ್ ಕೂರಿಸಿ, ತೂಗಿದ ಮದ್ದು ಸುರಿದು, ಮೇಲೆ ಗುಂಡು ಒತ್ತುವ ಈ ಕೆಲಸಕ್ಕೆ ರೀಲೋಡಿಂಗ್ ಎಂದು ಹೆಸರು. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಹಾಗಾಗಿ ಇಲ್ಲಿಯ ಮಾತೆಲ್ಲ ಈ ಹವ್ಯಾಸಕ್ಕೆ ಕಾನೂನಿನ ಅವಕಾಶವಿರುವ ನೆಲಕ್ಕೆ ಸೇರಿದ್ದು. ಅಲ್ಲಿನ ರೀಲೋಡಿಂಗ್ ಮೇಜುಗಳ ಮೇಲೆ ಈಗ ಕೆಂಪು, ಹಸಿರು, ಕಪ್ಪು ಬಣ್ಣದ ಲೇಪನವಿರುವ ಸೀಸದ ಗುಂಡುಗಳು ಸಾಮಾನ್ಯವಾಗಿವೆ. ತಾಮ್ರದ ಹೊದಿಕೆಯ ಜಾಕೆಟೆಡ್ ಗುಂಡಿಗಿಂತ ಇವು ಅಗ್ಗ, ಮೇಣ ಬಳಿದ ಹಳೆಯ ಸೀಸದ ಗುಂಡಿಗಿಂತ ಶುಚಿ. ಇವುಗಳ ಜೊತೆಗೇ ಎರಡು ನಂಬಿಕೆಗಳೂ ಹಬ್ಬಿವೆ. ಲೇಪನವಿದೆ ಎಂದಮೇಲೆ ಇದು ಜಾಕೆಟೆಡ್ ಗುಂಡಿಗೆ ಸಮ, ಕೈಪಿಡಿಯ ಕೋಷ್ಟಕ ಅದಕ್ಕೆ ಕೊಡುವ ಮದ್ದಿನ ಗರಿಷ್ಠ ಅಳತೆಯನ್ನೇ ಹಾಕಬಹುದು ಎನ್ನುವುದು ಒಂದು. ಇದು ಬೇರೆಯದೇ ಜಾತಿಯ ಗುಂಡು, ಇದರ ಹೆಸರಿನಲ್ಲೇ ಅಚ್ಚಾದ ಕೋಷ್ಟಕ ಸಿಗುವವರೆಗೆ ಮದ್ದು ಮುಟ್ಟಬಾರದು ಎನ್ನುವುದು ಇನ್ನೊಂದು. ಒಂದು ದುಡುಕು, ಇನ್ನೊಂದು ಅಂಜಿಕೆ. ಆದರೆ ಎರಡಕ್ಕೂ ಬೇರು ಒಂದೇ: ಕೇಸಿನೊಳಗಿನ ಒತ್ತಡವನ್ನು ಗುಂಡಿನ ಮೇಲ್ಮೈ ನಿರ್ಧರಿಸುತ್ತದೆ ಎಂಬ ತಪ್ಪು ಎಣಿಕೆ.

ಲೇಪನ ಏನು ಮಾಡುತ್ತದೆ ಎಂಬುದನ್ನು ಮೊದಲು ನೋಡೋಣ. ಬರಿ ಸೀಸ ನಳಿಗೆಯಲ್ಲಿ ಉಜ್ಜಿಕೊಂಡು ಓಡುವಾಗ, ಹಿಂದಿನಿಂದ ಬಿಸಿ ಅನಿಲ ಸಂದಿಯಲ್ಲಿ ನುಗ್ಗಿದರೆ, ಸೀಸ ಕರಗಿ ಒಳಗೋಡೆಗೆ ಮೆತ್ತಿಕೊಳ್ಳುತ್ತದೆ. ಇದನ್ನು ತಡೆಯಲು ಹಿಂದಿನವರು ಗುಂಡಿನ ತೋಡುಗಳಲ್ಲಿ ಜೇನುಮೇಣ ಬೆರೆಸಿದ ಜಿಡ್ಡು ತುಂಬುತ್ತಿದ್ದರು. ಹಾರಿಸಿದಾಗ ಅದು ಹೊಗೆಯಾಗುತ್ತಿತ್ತು, ಅಚ್ಚುಗಳಿಗೆ ಅಂಟುತ್ತಿತ್ತು. ಆಸ್ಟ್ರೇಲಿಯಾ ಮೂಲದ ಹೈ-ಟೆಕ್ ತರಹದ ಲೇಪನವನ್ನಾಗಲೀ ಪೌಡರ್ ಕೋಟಿಂಗನ್ನಾಗಲೀ ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸಿ ಗಟ್ಟಿ ಮಾಡುತ್ತಾರೆ. ಗುಂಡಿನ ತಳವೂ ಸೇರಿ ಇಡೀ ಮೈಗೆ ಕೂದಲೆಳೆ ದಪ್ಪದ ಒಂದು ಚರ್ಮ ಬರುತ್ತದೆ. ಮೇಣದ ಕೆಲಸವನ್ನು ಈಗ ಈ ಚರ್ಮ ಮಾಡುತ್ತದೆ, ಅದಕ್ಕಿಂತ ಚೆನ್ನಾಗಿಯೇ ಮಾಡುತ್ತದೆ. ಜಾಕೆಟ್ ಎನ್ನುವುದು ಹಾಗಲ್ಲ. ಅದು ತಾಮ್ರದ ಮಿಶ್ರಲೋಹದ ಗಟ್ಟಿ ಬಟ್ಟಲು. ನಳಿಗೆಯ ಸುರುಳಿಗೆರೆಗಳು ಅದನ್ನು ಕೊರೆದು ಒಳನುಗ್ಗಲು ಹೆಚ್ಚು ಬಲ ಬೇಕು. ಆದ್ದರಿಂದಲೇ ಒಂದೇ ತೂಕದ ಎರಡು ಗುಂಡುಗಳ ಹಿಂದೆ ಒಂದೇ ಅಳತೆಯ ಮದ್ದಿಟ್ಟರೆ ಸಾಮಾನ್ಯವಾಗಿ ಸೀಸದ ಗುಂಡೇ ಹೆಚ್ಚು ವೇಗ ಪಡೆಯುತ್ತದೆ. ಲೇಪನ ಬಂದರೂ ಒಳಗಿರುವುದು ಅದೇ ಮೆದು ಸೀಸ. ನಡತೆಯಲ್ಲಿ ಇದು ಸೀಸದ ಬಳಗಕ್ಕೆ ಸೇರಿದ್ದು.

ಹಾಗಾದರೆ ಒತ್ತಡವನ್ನು ನಿರ್ಧರಿಸುವುದು ಯಾವುದು? ಮದ್ದಿನ ಜಾತಿ ಮತ್ತು ಪ್ರಮಾಣ, ಗುಂಡಿನ ತೂಕ, ಎಲ್ಲಕ್ಕಿಂತ ಹೆಚ್ಚು ಮರೆತುಹೋಗುವ ಸಂಗತಿಯೆಂದರೆ ಗುಂಡಿನ ಹಿಂದೆ ಉಳಿಯುವ ಜಾಗ. 9 ಎಂಎಂ ಕೇಸಿನೊಳಗೆ ಇರುವ ಒಟ್ಟು ಜಾಗವೇ ಒಂದು ಮಿಲಿಲೀಟರಿಗೂ ಕಡಿಮೆ. ಗುಂಡು ಕೂತಮೇಲೆ ಅದರಲ್ಲೂ ದೊಡ್ಡ ಪಾಲು ಹೋಗುತ್ತದೆ. ಇಂಥ ಪುಟ್ಟ ಕೋಣೆಯಲ್ಲಿ ಗುಂಡನ್ನು ಮುಕ್ಕಾಲು ಮಿಲಿಮೀಟರ್ ಹೆಚ್ಚು ಒತ್ತಿದರೆ ಸುಮಾರು 0.05 ಮಿಲಿಲೀಟರ್ ಕಳೆದುಕೊಂಡಂತೆ. ಲೆಕ್ಕದಲ್ಲಿ ಸಣ್ಣದು, ಪರಿಣಾಮದಲ್ಲಿ ಅಲ್ಲ. ಅಮೆರಿಕದ ಸ್ಪೀರ್ ಕಂಪನಿಯ ಹಳೆಯ ಕೈಪಿಡಿಯೊಂದು ಇದನ್ನು ಅಳೆದು ತೋರಿಸಿದೆ: 9 ಎಂಎಂ ತೋಟಾದಲ್ಲಿ ಗುಂಡನ್ನು ಅಂಗುಲದ ಸಾವಿರದಲ್ಲಿ 30 ಭಾಗ ಆಳಕ್ಕೆ ಒತ್ತಿದಾಗ, 28,000 ಇದ್ದ ಒತ್ತಡ 62,000ಕ್ಕೆ ಏರಿತು. ಮದ್ದು ಒಂದು ಕಣವೂ ಹೆಚ್ಚಿರಲಿಲ್ಲ. ಈ ಅಂಕಿಗಳು ತಾಮ್ರದ ತುಣುಕನ್ನು ಜಜ್ಜಿಸಿ ಅಳೆಯುವ ಹಳೆಯ ಪದ್ಧತಿಯವು, ಇಂದಿನ ಪಿಎಸ್‌ಐ (ಚದರ ಅಂಗುಲಕ್ಕೆ ಪೌಂಡ್) ಅಂಕಿಗಳ ಜೊತೆ ನೇರವಾಗಿ ಹೋಲಿಸಲಾಗದು. ಆದರೂ ಎರಡು ಪಟ್ಟಿಗೂ ಮೀರಿದ ಆ ಏರಿಕೆ ಹೇಳಬೇಕಾದ್ದನ್ನು ಹೇಳುತ್ತದೆ.

ಲೇಪಿತ ಗುಂಡಿನ ನಿಜವಾದ ಅಪಾಯ ಅಡಗಿರುವುದು ಇಲ್ಲೇ. ಕೈಪಿಡಿಯಲ್ಲಿ ಅಚ್ಚಾದ ತೋಟಾದ ಒಟ್ಟು ಉದ್ದ, ಅಲ್ಲಿ ಪರೀಕ್ಷೆಗೆ ಬಳಸಿದ ಗುಂಡಿನ ಮೂಗಿಗೆ ಸೇರಿದ್ದು. ದುಂಡು ಮೂಗಿನ ಗುಂಡಿಗೆ ಕೊಟ್ಟ ಉದ್ದಕ್ಕೆ ಚಪ್ಪಟೆ ಮೂಗಿನ ಗುಂಡನ್ನು ಕೂರಿಸಿದರೆ ತೂಕ ಒಂದೇ ಇದ್ದರೂ ಎರಡೂ ಒಳಗೆ ಇಳಿಯುವ ಆಳ ಬೇರೆ. ಇದರ ಜೊತೆಗೆ ಕೆಲವು ಪಿಸ್ತೂಲುಗಳ ನಳಿಗೆಗಳಲ್ಲಿ, ಸಿಝಡ್ ಪಿಸ್ತೂಲುಗಳಲ್ಲಿ ಮುಖ್ಯವಾಗಿ, ಸುರುಳಿಗೆರೆಗಳು ಬೇಗನೇ ಶುರುವಾಗುತ್ತವೆ. ಲೇಪಿತ ಗುಂಡಿನ ದಪ್ಪ ಭುಜ ಅಲ್ಲಿ ತಾಗಿ ತೋಟಾ ಪೂರ್ತಿ ಒಳಗೆ ಕೂರುವುದಿಲ್ಲ. ನಳಿಗೆಯನ್ನು ಬಿಚ್ಚಿ ತೋಟಾವನ್ನು ಅದರೊಳಗೆ ಬೀಳಿಸಿ, ಟಣ್ಣೆಂದು ಕೂರುತ್ತದೆಯೇ, ಬೆರಳಲ್ಲಿ ಸಲೀಸಾಗಿ ತಿರುಗುತ್ತದೆಯೇ ಎಂದು ನೋಡುವ ಪ್ಲಂಕ್ ಟೆಸ್ಟ್ ಇದನ್ನು ಬಯಲು ಮಾಡುತ್ತದೆ. ಕೂರದಿದ್ದರೆ ಗುಂಡನ್ನು ಇನ್ನಷ್ಟು ಒತ್ತುವುದೇ ದಾರಿ. ಹಾಗೆ ಒತ್ತಿದಾಗ ಮದ್ದನ್ನು ಇಳಿಸಿ ಮತ್ತೆ ಕೆಳಗಿನಿಂದ ಶುರುಮಾಡಬೇಕು ಎಂಬುದನ್ನು ಬಹಳ ಜನ ಮರೆಯುತ್ತಾರೆ. ಜಾಕೆಟೆಡ್ ಕೋಷ್ಟಕದ ಗರಿಷ್ಠ ಅಳತೆಯನ್ನೂ ಗಿಡ್ಡ ಮಾಡಿದ ಉದ್ದವನ್ನೂ ಕೂಡಿಸಿದರೆ ಯಾವ ಕೈಪಿಡಿಯೂ ಪರೀಕ್ಷಿಸದ ಹೊಸ ತೋಟಾ ಹುಟ್ಟುತ್ತದೆ.

ಈ ಕಾರಣಗಳನ್ನು ಒಪ್ಪಿದರೆ ಕೋಷ್ಟಕದ ಆಯ್ಕೆ ಕಷ್ಟವಲ್ಲ. ಅದೇ ತೂಕದ, ಸಾಧ್ಯವಾದಷ್ಟು ಅದೇ ಆಕಾರದ ಸೀಸದ ಗುಂಡಿಗೆ ಪ್ರಕಟವಾದ ಅಳತೆಯನ್ನು ಹಿಡಿದು, ಅದರ ಆರಂಭದ ಅಂಕಿಯಿಂದ ಮೇಲೇರಬೇಕು. ಲೈಮನ್ ಕಂಪನಿ ಎರಕದ ಗುಂಡುಗಳಿಗೆಂದೇ ಪ್ರತ್ಯೇಕ ಪುಸ್ತಕ ಅಚ್ಚು ಮಾಡಿದೆ. ಹಾಜ್ಡನ್‌ನಂಥ ಮದ್ದು ಕಂಪನಿಗಳ ಕೋಷ್ಟಕಗಳಲ್ಲೂ ಸೀಸದ ಸಾಲುಗಳಿವೆ. ಆ ಸಾಲಿನಲ್ಲಿ ‘ಕೋಟೆಡ್’ ಎಂಬ ಪದ ಇಲ್ಲವೆಂದು ಹಿಂಜರಿಯಬೇಕಿಲ್ಲ. ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ: ಗುಂಡು ಮಾರುವ ಹಲವು ತಯಾರಕರೇ ಜಾಕೆಟೆಡ್ ಅಳತೆಯನ್ನೂ ಬಳಸಬಹುದು ಎನ್ನುತ್ತಾರಲ್ಲ? ಹೌದು, ಅದು ಸುಳ್ಳಲ್ಲ. ಸೀಸದ ಸಾಲು ಸಿಗದ ಮದ್ದಿಗೆ ಜಾಕೆಟೆಡ್ ಸಾಲಿನ ಆರಂಭದ ಅಂಕಿಯಿಂದ ಹೊರಡುವುದು ಸಮಂಜಸವೇ. ಆದರೆ ಅವರು ಬಿಟ್ಟುಕೊಟ್ಟಿರುವುದು ಕೋಷ್ಟಕದ ಕೆಳಗಿನ ಮತ್ತು ನಡುವಿನ ಭಾಗವನ್ನು. ಕೇಳಿದವರ ಕಿವಿಗೆ ಅದು ಗರಿಷ್ಠಕ್ಕೂ ಒಪ್ಪಿಗೆ ಎಂದು ಬಿದ್ದಿದೆ.

‘ಮೇಲಿನಿಂದಲೇ ಶುರುಮಾಡುತ್ತೇನೆ, ಒತ್ತಡ ಹೆಚ್ಚಾದರೆ ಪ್ರೈಮರ್ ಚಪ್ಪಟೆಯಾಗಿ ಎಚ್ಚರಿಸುತ್ತದೆ’ ಎನ್ನುವವರೂ ಇದ್ದಾರೆ. ಕೈಕೋವಿಯ ಮಟ್ಟಿಗೆ ಈ ನಂಬಿಕೆ ನನಗೆ ಎಲ್ಲಕ್ಕಿಂತ ಅಪಾಯಕಾರಿಯಾಗಿ ಕಾಣುತ್ತದೆ. ಅಮೆರಿಕದ ಮದ್ದುಗುಂಡು ಮಾನಕ ಸಂಸ್ಥೆ ಸಾಮಿ .38 ಸ್ಪೆಷಲ್ ತೋಟಾಕ್ಕೆ ಇಟ್ಟ ಮಿತಿ 17,000 ಪಿಎಸ್‌ಐ, .45 ಎಸಿಪಿಗೆ 21,000, 9 ಎಂಎಂಗೆ 35,000. .38 ಸ್ಪೆಷಲ್‌ನದೇ ಬಗೆಯ ಪ್ರೈಮರ್ ಬಟ್ಟಲು .357 ಮ್ಯಾಗ್ನಮ್‌ನ 35,000ವನ್ನೂ ತಡೆದುಕೊಳ್ಳುತ್ತದೆ. ಅಂದಮೇಲೆ .38 ಸ್ಪೆಷಲ್‌ನಲ್ಲಿ ಪ್ರೈಮರ್ ಮುಖ ಕೆಡಿಸಿಕೊಳ್ಳುವ ಹೊತ್ತಿಗೆ ಕೋವಿ ತನ್ನ ಮಿತಿಯನ್ನು ಎಷ್ಟೋ ದಾಟಿರುತ್ತದೆ. ವೇಗ ಅಳೆಯುವ ಕ್ರೋನೋಗ್ರಾಫ್ ಇದಕ್ಕಿಂತ ನಂಬಿಕೆಗೆ ಅರ್ಹ. ಅದು ಒತ್ತಡವನ್ನು ತೋರಿಸದು, ನಿಜ. ಆದರೆ ಕೈಪಿಡಿಯ ಗರಿಷ್ಠ ವೇಗ ಆಗಲೇ ಬಂದುಬಿಟ್ಟಿದ್ದರೆ, ಮದ್ದು ಇನ್ನೂ ಗರಿಷ್ಠಕ್ಕೆ ಮುಟ್ಟಿಲ್ಲ ಎಂಬ ಸಮಾಧಾನಕ್ಕೆ ಅರ್ಥವಿಲ್ಲ, ಅಲ್ಲೇ ನಿಲ್ಲಬೇಕು.

ಸೀಸದ ಅಳತೆ ತೀರಾ ಮೆದು, ಸ್ಪರ್ಧೆಗೆ ಸಾಲದು ಎಂಬ ದೂರಿಗೆ ಅಂಕಗಣಿತವೇ ಉತ್ತರ. ಅಮೆರಿಕದ ಯುಎಸ್‌ಪಿಎಸ್‌ಎ ಸಂಸ್ಥೆಯ ಪಿಸ್ತೂಲು ಸ್ಪರ್ಧೆಗಳಲ್ಲಿ ಗುಂಡಿನ ತೂಕವನ್ನು ಗ್ರೇನ್‌ನಲ್ಲಿ, ವೇಗವನ್ನು ಸೆಕೆಂಡಿಗೆ ಅಡಿಗಳಲ್ಲಿ ತೆಗೆದುಕೊಂಡು ಗುಣಿಸಿ ಸಾವಿರದಿಂದ ಭಾಗಿಸುತ್ತಾರೆ. ಮೈನರ್ ದರ್ಜೆಗೆ 125, ಮೇಜರ್ ದರ್ಜೆಗೆ 165 ಬೇಕು. 147 ಗ್ರೇನ್ ಗುಂಡು ಸೆಕೆಂಡಿಗೆ 870 ಅಡಿ ಓಡಿದರೆ 127 ದಾಟುತ್ತದೆ; .45ರ 200 ಗ್ರೇನ್ ಗುಂಡಿಗೆ 830 ಅಡಿ ಸಾಕು, 166 ಆಯಿತು. ಇದೆಲ್ಲ ಸೀಸದ ಕೋಷ್ಟಕದೊಳಗೇ ಆರಾಮಾಗಿ ಸಿಗುವ ವೇಗ. ಹಾಗೆಂದು ಆರಂಭದ ಅಂಕಿಗಿಂತ ಕೆಳಗಿಳಿಯುವುದೂ ಸಲ್ಲ. ಮದ್ದು ಸಾಲದೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡರೆ, ಅದರ ಹಿಂದೆ ಹೊರಡುವ ಎರಡನೆಯ ಗುಂಡು ಕೋವಿಯನ್ನೇ ಸೀಳಬಹುದು. ಬೇಗ ಉರಿಯುವ ಮದ್ದುಗಳಲ್ಲಿ ಒಂದು ಅಳತೆ ಕೇಸಿನ ತಳದಲ್ಲಿ ಎಷ್ಟು ಸಣ್ಣದಾಗಿ ಕಾಣುತ್ತದೆಂದರೆ, ಎರಡು ಸಲ ಬಿದ್ದರೂ ಹೊರಗೆ ತುಳುಕದು. ಆದ್ದರಿಂದ ಗುಂಡು ಕೂರಿಸುವ ಮೊದಲು ಬೆಳಕು ಹಿಡಿದು ಪ್ರತಿ ಕೇಸಿನೊಳಗೂ ಇಣುಕಬೇಕು.

ನಳಿಗೆಯಲ್ಲಿ ಸೀಸ ಮೆತ್ತಿತೆಂದರೆ ಕೂಡಲೇ ಮದ್ದಿನ ಅಳತೆಯನ್ನೋ ಗುಂಡಿನ ಗಡಸುತನವನ್ನೋ ದೂರುವ ರೂಢಿ ಇದೆ. ಹೆಚ್ಚಿನ ಸಲ ತಪ್ಪು ಗುಂಡಿನ ಅಡ್ಡಳತೆಯದು. 9 ಎಂಎಂ ಜಾಕೆಟೆಡ್ ಗುಂಡು 0.355 ಅಂಗುಲವಾದರೆ ಲೇಪಿತ ಸೀಸದ್ದು ಸಾಮಾನ್ಯವಾಗಿ 0.356, ನಳಿಗೆ ಸಡಿಲವಿದ್ದರೆ ಇನ್ನೂ ಒಂದೆಳೆ ದಪ್ಪ ಬೇಕಾದೀತು. ಸಂದಿ ಮುಚ್ಚಿದರೆ ಅನಿಲ ನುಗ್ಗುವುದಿಲ್ಲ. ಇನ್ನೊಂದು ಅಪರಾಧಿ ಕೇಸಿನ ಬಾಯಿ. ಅದನ್ನು ಸಾಕಷ್ಟು ಅರಳಿಸದೆ ಗುಂಡು ಒತ್ತಿದರೆ ಹಿತ್ತಾಳೆಯ ಅಂಚು ಲೇಪನವನ್ನು ಸಿಪ್ಪೆಯಂತೆ ಹೆರೆಯುತ್ತದೆ. ಕೊನೆಯಲ್ಲಿ ಬಾಯಿಯನ್ನು ಅತಿಯಾಗಿ ಬಿಗಿದರೆ ಸುತ್ತಲೂ ಕತ್ತರಿಸುತ್ತದೆ. ಕೂರಿಸಿದ ಗುಂಡೊಂದನ್ನು ಮತ್ತೆ ಕಿತ್ತು ನೋಡಿದರೆ ಗೊತ್ತಾಗುತ್ತದೆ: ಸೀಸದ ಹೊಳಪು ಕಂಡರೆ ಸರಿಪಡಿಸಬೇಕಾದ್ದು ಅಚ್ಚನ್ನು.

ಲೇಪನ ಬಂದಮೇಲೆ ಸೀಸದ ವಿಷದ ಚಿಂತೆಯೇ ಇಲ್ಲ ಎಂಬ ಮಾತನ್ನೂ ತೂಗಿ ನೋಡಬೇಕು. ತಳವೂ ಮುಚ್ಚಿರುವುದರಿಂದ ಗುಂಡಿನಿಂದ ಏಳುವ ಸೀಸದ ಹಬೆ ಕಡಿಮೆಯಾಗುತ್ತದೆ. ತಳ ತೆರೆದಿರುವ ಸಾಮಾನ್ಯ ಜಾಕೆಟೆಡ್ ಗುಂಡಿಗೂ ಇಲ್ಲದ ಅನುಕೂಲ ಇದು. ಆದರೆ ಸಾಮಾನ್ಯ ಪ್ರೈಮರಿನೊಳಗೆ ಸಿಡಿಯುವುದೇ ಲೆಡ್ ಸ್ಟಿಫ್ನೇಟ್ ಎಂಬ ಸೀಸದ ಸಂಯುಕ್ತ. ಪ್ರತಿ ಹೊಡೆತಕ್ಕೂ ಅದರ ಧೂಳು ಗಾಳಿಗೆ ಸೇರುತ್ತದೆ, ಕೇಸಿನ ಒಳಮೈಗೂ ಅಂಟುತ್ತದೆ. ಹಾರಿಸಿದ ಕೇಸುಗಳನ್ನು ಒಣಹೊಟ್ಟಿನಲ್ಲಿ ತಿರುಗಿಸಿ ಶುಚಿ ಮಾಡುವ ಯಂತ್ರದ ಮುಚ್ಚಳ ತೆಗೆದಾಗ ಏಳುವ ಧೂಳಿನಲ್ಲಿ ಇರುವುದು ಅದೇ. ಆ ಕೆಲಸವನ್ನು ಮನೆಯೊಳಗೆ, ಮಕ್ಕಳು ಓಡಾಡುವ ಜಾಗದಲ್ಲಿ ಮಾಡಬಾರದು. ನೀರಿನಲ್ಲಿ ತೊಳೆಯುವ ಕ್ರಮ ಲೇಸು, ಕೈಯನ್ನು ತಣ್ಣೀರು ಸೋಪಿನಲ್ಲಿ ಉಜ್ಜಿ ತೊಳೆಯುವವರೆಗೆ ಊಟ ತಿಂಡಿ ಮುಟ್ಟಬಾರದು.