ಕುಣಿಯುವ ಮಗುವಿಗೂ ಒಂದು ಟಿಕೆಟ್

2007ರಲ್ಲಿ ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ತಾಯಿಯೊಬ್ಬರು ಆಟಿಸಂ ಇರುವ ತಮ್ಮ ಪುಟ್ಟ ಮಗಳನ್ನು ‘ಹೇರ್‌ಸ್ಪ್ರೇ’ ಸಿನಿಮಾಕ್ಕೆ ಕರೆದೊಯ್ದಿದ್ದರು. ಅದು ಹಾಡು, ಕುಣಿತಗಳದೇ ಸಿನಿಮಾ. ಪರದೆಯ ಮೇಲೆ ಕುಣಿತ ಶುರುವಾದಾಗ ಹುಡುಗಿಯೂ ಎದ್ದಳು, ಕೈಗಳನ್ನು ಪಟಪಟನೆ ಆಡಿಸಿದಳು, ಜಿಗಿದಳು. ಅಕ್ಕಪಕ್ಕದವರು ದೂರಿದರು. ಮ್ಯಾನೇಜರ್ ಬಂದು ಹೊರಗೆ ಹೋಗಿ ಎಂದರು.

ಎಷ್ಟೋ ತಾಯಂದಿರು ಇಂಥ ದಿನದ ನಂತರ ಮಗುವನ್ನು ಮತ್ತೆ ಹೊರಗೆ ಕರೆದೊಯ್ಯುವುದನ್ನೇ ಬಿಡುತ್ತಾರೆ. ಈಕೆ ಕೊಲಂಬಿಯಾ ಪಟ್ಟಣದ ಎಎಂಸಿ ಸರಣಿಯ ಚಿತ್ರಮಂದಿರಕ್ಕೆ ಫೋನ್ ಮಾಡಿ, ಇಂಥ ಮಕ್ಕಳಿಗೆಂದೇ ಒಂದು ಆಟ ಹಾಕುತ್ತೀರಾ ಎಂದು ಕೇಳಿದರು. ತನ್ನ ಮಗಳಿಗೊಂದು ರಿಯಾಯಿತಿ ಕೇಳಲಿಲ್ಲ, ಎಲ್ಲ ಮಕ್ಕಳಿಗೂ ಕೇಳಿದರು. ಅಲ್ಲಿಯ ಮ್ಯಾನೇಜರ್ ಒಪ್ಪಿದರು. ಮೊದಲ ಆಟಕ್ಕೆ ಮುನ್ನೂರರಷ್ಟು ಮಕ್ಕಳೂ ಪೋಷಕರೂ ಬಂದರು. ಅಷ್ಟು ಮನೆಗಳಲ್ಲಿ ಅಷ್ಟು ದಿನದಿಂದ ಆಸೆ ಅದುಮಿಕೊಂಡು ಕೂತಿದ್ದವರು ಅವರು! ಆಟಿಸಂ ಸೊಸೈಟಿ ಎಂಬ ಸಂಸ್ಥೆಯ ಜೊತೆಗೂಡಿ ಎಎಂಸಿ ಇಂಥ ಆಟಗಳನ್ನು ದೇಶದ ಹಲವೆಡೆಗೆ ಹಬ್ಬಿಸಿತು. ಶನಿವಾರ ಮಕ್ಕಳ ಚಿತ್ರ. ಬುಧವಾರ ಸಂಜೆ ದೊಡ್ಡವರಿಗೆ, ಏಕೆಂದರೆ ಆಟಿಸಂ ಇರುವ ಮಕ್ಕಳೂ ಬೆಳೆಯುತ್ತಾರೆ. 2011ರಿಂದ ಬ್ರಿಟನ್ನಿನಲ್ಲೂ ಇಂಥ ಆಟಗಳಿವೆ.

ಏರ್ಪಾಡು ಬಹಳ ಸರಳ. ದೀಪ ಪೂರ್ತಿ ಆರಿಸುವುದಿಲ್ಲ, ಧ್ವನಿ ಇಳಿಸುತ್ತಾರೆ. ಮಗು ಎದ್ದು ಓಡಾಡಬಹುದು, ಕೂಗಬಹುದು, ಹಾಡಬಹುದು.

ಈ ಏರ್ಪಾಡಿಗೆ ಕಾರಣವಿದೆ. ಆಟಿಸಂ ಇದ್ದು, ಮಿಕ್ಸಿಯ ಸದ್ದಿಗೆ ಕಿವಿ ಮುಚ್ಚಿ ಓಡುವ ಮಗುವೇ ಉಯ್ಯಾಲೆಯಲ್ಲಿ ಎಷ್ಟು ಹೊತ್ತು ಜೀಕಿದರೂ ತಣಿಯದಿರಬಹುದು. ಕೆಲವು ಸಂವೇದನೆಗಳು ಅತಿಯಾಗಿ ತಟ್ಟುತ್ತವೆ, ಕೆಲವು ಸಾಲುವುದೇ ಇಲ್ಲ. ವೈದ್ಯರು ಬಳಸುವ ಡಿಎಸ್‌ಎಂ ಕೈಪಿಡಿ ಆಟಿಸಂನ ಲಕ್ಷಣಗಳ ಪಟ್ಟಿಗೆ ಇದನ್ನು ಸೇರಿಸಿದ್ದು 2013ರಲ್ಲಿ. ಅಡುಗೆಮನೆಯಲ್ಲಿ ನಿಂತ ಅಮ್ಮಂದಿರಿಗೆ ಅದು ಮೊದಲೇ ಗೊತ್ತಿತ್ತು. ಆದ್ದರಿಂದ ಸದ್ದು ತಗ್ಗಿಸಿದರಷ್ಟೇ ಸಾಲದು, ಮಗುವಿನ ಮೈ ಬಯಸುವ ಚಲನೆಗೂ ಅಲ್ಲಿ ಎಡೆಯಿರಬೇಕು. ನನ್ನ ಮಟ್ಟಿಗೆ ಈ ಎರಡನೆಯದೇ ದೊಡ್ಡದು.

ನಮ್ಮಲ್ಲಿ ಸ್ಟಾರ್ ಸಿನಿಮಾದ ಮೊದಲ ದಿನ ಶಿಳ್ಳೆ ಹೊಡೆದು, ಪರದೆಯ ಮುಂದೆ ಕುಣಿದು, ಕಾಗದದ ಚೂರು ತೂರುವವರನ್ನು ಯಾರೂ ಹೊರಗೆ ಕಳಿಸುವುದಿಲ್ಲ. ಕುಣಿಯುವವರಿಗೆ ಜಾಗ ಕೊಡುವ ಅಭ್ಯಾಸ ನಮ್ಮ ಟಾಕೀಸಿಗೆ ಹೊಸದೇನಲ್ಲ. ಈ ಮಕ್ಕಳಿಗೆ ಎದೆ ನಡುಗಿಸುವ ಸ್ಪೀಕರುಗಳೇ ಅಡ್ಡಿ.

ಸಿನಿಮಾದ ಆಚೆಗೂ ಒಂದಿಷ್ಟು ನಡೆದಿದೆ. ಲಂಡನ್ನಿನ ಗ್ಯಾಟ್ವಿಕ್ ವಿಮಾನ ನಿಲ್ದಾಣದಲ್ಲಿ 2016ರಲ್ಲಿ ಶುರುವಾದ ಸೂರ್ಯಕಾಂತಿ ಚಿತ್ರದ ಕೊರಳಪಟ್ಟಿ, ಕಣ್ಣಿಗೆ ಕಾಣದ ತೊಂದರೆ ಇರುವವರನ್ನು ಸಿಬ್ಬಂದಿ ಗುರುತಿಸಲು ನೆರವಾಗುತ್ತದೆ. ಬೆಂಗಳೂರಿನಲ್ಲಿ ಪೋಷಕರು ಕಟ್ಟಿದ ‘ಕಿಲಿಕಿಲಿ’ ಸಂಸ್ಥೆ ಕೋಲ್ಸ್ ಪಾರ್ಕ್‌ನಂಥ ಕಡೆ ಅಂಗವಿಕಲ ಮಕ್ಕಳೂ ಉಳಿದ ಮಕ್ಕಳೂ ಒಟ್ಟಿಗೆ ಆಡುವ ತಾಣಗಳನ್ನು ರೂಪಿಸಿದೆ. ಉಳಿದಂತೆ ಪೋಷಕರ ಜಾಣ್ಮೆಯೇ ಗತಿ. ಹೋಗುವ ಜಾಗದ ಫೋಟೊ ಮೊದಲೇ ತೋರಿಸುತ್ತಾರೆ, ಬಾಗಿಲು ತೆರೆಯುವ ಹೊತ್ತಿಗೇ ತಲುಪುತ್ತಾರೆ, ಕಿವಿಗೆ ಹೆಡ್‌ಫೋನ್ ಹಾಕುತ್ತಾರೆ, ಹೊರಬಾಗಿಲ ಹತ್ತಿರ ಕೂರುತ್ತಾರೆ. ಹತ್ತೇ ನಿಮಿಷಕ್ಕೆ ಎದ್ದು ಬಂದರೂ ಅದನ್ನು ಸೋಲೆಂದು ಎಣಿಸುವುದಿಲ್ಲ.

ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸುವ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಸೇರಿದೆ. ಆದರೆ ಮಗು ಕೂಗಿದಾಗ ತಿರುಗಿ ನೋಡುವ ಕಣ್ಣುಗಳನ್ನು ಕಾಯ್ದೆ ತಡೆಯಲಾರದು. ಅದಕ್ಕೆ ಟಾಕೀಸುಗಳೇ ಮುಂದಾಗಬೇಕು. ಒಂದೊಂದೇ ಟಾಕೀಸು ಬಾಗಿಲು ಹಾಕುತ್ತಿರುವ ನಮ್ಮ ಊರುಗಳಲ್ಲಿ ಉಳಿದವಕ್ಕೂ ವಾರದ ನಡುವಿನ ಬೆಳಗಿನ ಆಟಕ್ಕೆ ಜನ ವಿರಳ. ತಿಂಗಳಿಗೊಮ್ಮೆ ಅಂಥ ಒಂದು ಆಟವನ್ನು ಈ ಮಕ್ಕಳಿಗೆ ಬಿಟ್ಟುಕೊಟ್ಟರೆ ದೊಡ್ಡ ಖರ್ಚೇನಿಲ್ಲ. ಧ್ವನಿ ಇಳಿಸಬೇಕು, ಗೇಟಿನಲ್ಲಿ ನಿಂತವರಿಗೆ ಮೊದಲೇ ತಿಳಿಸಿರಬೇಕು. ಹೋಗಿ ಕೇಳುವ ತಾಯಂದಿರು ನಮ್ಮಲ್ಲೂ ಇದ್ದಾರೆ. ಅವರು ಕೇಳುವ ಹೊತ್ತಿಗೆ ಆ ಟಾಕೀಸು ಇನ್ನೂ ಉಳಿದಿದ್ದರೆ ಸಾಕು.