ಚೇಗಿನೊಳಗಿನ ಕಂಪು

ನಮ್ಮ ದೇವರ ಮನೆಯಲ್ಲಿ ಅಂಗೈಯುದ್ದದ ಒಂದು ಗಂಧದ ಕೊರಡಿದೆ. ಅಜ್ಜನ ಕಾಲದ್ದು, ಒಂದು ಮಗ್ಗುಲು ಸವೆದು ಓರೆಯಾಗಿದೆ. ಒಣಗಿರುವಾಗ ಮೂಗಿಗೆ ಹಿಡಿದರೆ ಕಂಪು ಉಂಟೋ ಇಲ್ಲವೋ ಎನಿಸುತ್ತದೆ. ಸಾಣೆಕಲ್ಲಿಗೆ ನಾಲ್ಕು ಹನಿ ನೀರು ಹಾಕಿ ತೇಯ್ದೊಡನೆ ಮನೆಯೆಲ್ಲ ಘಮಘಮಿಸುತ್ತದೆ. ಇಷ್ಟು ವರ್ಷ ಈ ಕಂಪು ಎಲ್ಲಿ ಅಡಗಿತ್ತು? ಬಾಲ್ಯದಲ್ಲಿ ಹುಟ್ಟಿದ ಈ ಪ್ರಶ್ನೆಯೇ ನನ್ನ ಇಂದಿನ ಮಾತಿಗೆ ಮೂಲ.

ಶ್ರೀಗಂಧದ ಎಲೆಗಾಗಲಿ ಹೊರಗಿನ ಬಿಳಿಯ ಮರಕ್ಕಾಗಲಿ ಈ ಪರಿಮಳವಿಲ್ಲ. ಗಿಡಕ್ಕೆ ಸುಮಾರು ಹತ್ತು ವರ್ಷ ತುಂಬಿದ ಮೇಲೆ ಒಳಗೆ ಚೇಗು ಕಟ್ಟತೊಡಗುತ್ತದೆ. ಅದು ಚೆನ್ನಾಗಿ ಬಲಿಯಲು ಇನ್ನೂ ಎರಡು ದಶಕವಾದರೂ ಬೇಕು. ಎಣ್ಣೆಯಿರುವುದು ಆ ಚೇಗಿನಲ್ಲಿ, ಅದಕ್ಕಿಂತ ಮಿಗಿಲಾಗಿ ಬೇರಿನಲ್ಲಿ. ಆದುದರಿಂದಲೇ ಈ ಮರವನ್ನು ಬೇರುಸಹಿತ ಅಗೆದು ತೆಗೆಯುವ ರೂಢಿ.

ಒಳ್ಳೆಯ ಗಂಧದೆಣ್ಣೆಯಲ್ಲಿ ನೂರಕ್ಕೆ ತೊಂಬತ್ತರಷ್ಟು ಭಾಗ ಸ್ಯಾಂಟಲಾಲ್ ಎಂಬ ವಸ್ತು. ಅದರ ಒಂದು ಅಣುವಿನಲ್ಲಿ 15 ಇಂಗಾಲ, 24 ಜಲಜನಕ, 1 ಆಮ್ಲಜನಕದ ಪರಮಾಣುಗಳು. ಆಲ್ಫಾ, ಬೀಟಾ ಎಂದು ಮುಖ್ಯವಾಗಿ ಎರಡು ರೂಪ. ಪ್ರಮಾಣದಲ್ಲಿ ಆಲ್ಫಾ ಹೆಚ್ಚು. ನಾವು ಗಂಧವೆಂದು ಗುರುತಿಸುವ ಸ್ನಿಗ್ಧ ಪರಿಮಳಕ್ಕೆ ಬೀಟಾ ಮುಖ್ಯ. ಅಣು ಭಾರವಾದ್ದರಿಂದ ಬಹು ನಿಧಾನವಾಗಿ ಆರುತ್ತದೆ, ತನ್ನೊಡನೆ ಬೆರೆತ ಹಗುರ ಕಂಪುಗಳನ್ನೂ ಹಿಡಿದಿಡುತ್ತದೆ. ಕನೌಜಿನ ಅತ್ತರುಗಾರರು ಗುಲಾಬಿಯ ಆವಿಯನ್ನು ಗಂಧದೆಣ್ಣೆಯೊಳಕ್ಕೇ ಇಳಿಸಿಕೊಳ್ಳುತ್ತಿದ್ದುದು ಇದಕ್ಕಾಗಿ. ಕೊರಡಿನ ಗುಟ್ಟೂ ಇದೇ. ಮೇಲ್ಮೈಯ ಎಣ್ಣೆ ಆರಿಹೋಗುತ್ತದೆ. ಒಳಗಿನದು ಮರದ ಕೋಶಗಳಲ್ಲಿ ಸೆರೆಯಾಗಿದ್ದು, ತೇಯ್ದಾಗ ಹೊರಬರುತ್ತದೆ. ಹಣೆಗಿಟ್ಟ ಗಂಧ ತಂಪೆನಿಸುವುದು ಮಾತ್ರ ಬಹುಮಟ್ಟಿಗೆ ಅದರಲ್ಲಿನ ನೀರು ಆರುವುದರಿಂದ.

ಮೈಸೂರಿನ ಗಂಧ ಬಹುಕಾಲ ಕೊರಡಾಗಿಯೇ ಪರದೇಶಕ್ಕೆ ಹೋಗುತ್ತಿತ್ತು. 1914ರ ಮಹಾಯುದ್ಧ ಆ ದಾರಿಯನ್ನು ಮುಚ್ಚಿತು. ದಾಸ್ತಾನಾಗಿ ಬಿದ್ದ ಮರದಿಂದ ಇಲ್ಲಿಯೇ ಎಣ್ಣೆ ತೆಗೆಯಬೇಕೆಂಬ ಸಂಕಲ್ಪ ನಾಲ್ವಡಿ ಕೃಷ್ಣರಾಜ ಒಡೆಯರ, ವಿಶ್ವೇಶ್ವರಯ್ಯನವರ ಕಾಲದಲ್ಲಿ ಕೈಗೂಡಿತು. ಚೇಗನ್ನು ಪುಡಿಮಾಡಿ, ಹಬೆ ಹಾಯಿಸಿ, ಬಹಳ ಹೊತ್ತು ಭಟ್ಟಿ ಇಳಿಸುವ ಕೆಲಸವದು. ಆ ಎಣ್ಣೆ ಸೇರಿದ ಸಾಬೂನು ಆಮೇಲೆ ನಮ್ಮ ಮನೆಮನೆಯ ಬಚ್ಚಲಿಗೆ ಬಂತು.

ಆದರೆ ಈ ಕಂಪೇ ಮರಕ್ಕೆ ಮುಳುವಾಯಿತು. ಟಿಪ್ಪು 1792ರಲ್ಲಿ ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದ. ರೈತನ ಹೊಲದಲ್ಲಿ ಬೆಳೆದರೂ ಮರ ಸರ್ಕಾರದ್ದು ಎಂಬ ಪದ್ಧತಿ ಅರಸರು ಹೋದ ಮೇಲೂ ಉಳಿಯಿತು. ಹಕ್ಕಿ ಉದುರಿಸಿದ ಬೀಜದಿಂದ ನಮ್ಮ ಬೇಲಿಯಲ್ಲಿ ಗಂಧದ ಸಸಿ ಎದ್ದರೆ, ಯಾರೂ ನೋಡದಂತೆ ಅಜ್ಜ ಅದನ್ನು ಕಿತ್ತೆಸೆಯುತ್ತಿದ್ದರು. ಬೆಳೆದರೆ ತಮಗೆ ಸೇರದು, ಕಳವಾದರೆ ಉತ್ತರ ಹೇಳಬೇಕಾದವರು ತಾವು. ಅದೇ ಕೈ ಬೆಳಿಗ್ಗೆ ದೇವರಿಗೆ ಗಂಧ ತೇಯುತ್ತಿತ್ತು.

2001ರಲ್ಲಿ ಕರ್ನಾಟಕದ ಕಾನೂನು ಬದಲಾಯಿತು, ಮರ ನೆಲದೊಡೆಯನದಾಯಿತು. ಕಡಿಯಲು ಅನುಮತಿ ಬೇಕೆಂಬುದು ಉಳಿದಿದೆ, ಕಳ್ಳರ ಭಯವೂ ಉಳಿದಿದೆ. ಆದರೂ ಅಜ್ಜ ಕಿತ್ತ ಜಾಗದಲ್ಲೇ ನಾನೊಂದು ಸಸಿ ನೆಟ್ಟಿದ್ದೇನೆ. ಶ್ರೀಗಂಧ ಒಂಟಿಯಾಗಿ ಬಾಳದು. ಅಕ್ಕಪಕ್ಕದ ಗಿಡಗಳ ಬೇರಿಗೆ ತನ್ನ ಬೇರನ್ನು ಕಚ್ಚಿಸಿ ಸಾರ ಹೀರುತ್ತದೆ. ಅದಕ್ಕೆಂದು ಪಕ್ಕದಲ್ಲಿ ತೊಗರಿ ಬಿತ್ತಿ, ತುಸು ದೂರದಲ್ಲಿ ಹೊಂಗೆ ಹಾಕಿದ್ದೇನೆ. ಅದರ ಚೇಗು ಬಲಿಯುವುದನ್ನು ನಾನು ಕಾಣಲಾರೆ. ಅಜ್ಜನ ಕೊರಡು ಪೂರ್ತಿ ಸವೆಯುವ ಹೊತ್ತಿಗೆ ಮೊಮ್ಮಕ್ಕಳ ಕೈಗೆ ಇನ್ನೊಂದು ಸಿಕ್ಕರೆ ಸಾಕು.